ರಸ್ತೆ ಊರವರದು, ಕಣ್ಣು ಗುತ್ತಿಗೆದಾರನದು!

ನಮ್ಮ ಕಡೆಯ ಯಾವ ಜಾತ್ರೆಯನ್ನಾದರೂ ನೋಡಿ. ತೇರಿನ ಅಚ್ಚಿಗೆ ಎಣ್ಣೆ ಹಾಕುವವನು ಊರಿನವನು. ಹಗ್ಗ ಹಿಡಿದು ಎಳೆಯುವವರು ಊರಿನವರು. ಗಾಲಿಗೆ ಸನ್ನೆ ಕೊಡುವವರು ಊರಿನವರು. ಆಯ ತಪ್ಪಿದರೆ ಗಾಲಿಯಡಿ ಕಾಲು ಕೊಡುವವನೂ ಊರಿನವನೇ. ಇಷ್ಟೆಲ್ಲ ಆದ ಮೇಲೆ ಪರಸ್ಥಳದ ಗುತ್ತಿಗೆದಾರನೊಬ್ಬ ಬಂದು, “ತೇರು ನಿಮ್ಮದಿರಲಿ, ತೇರು ಹೇಗೆ ಕಂಡಿತು ಎಂದು ಲೋಕಕ್ಕೆ ತೋರಿಸುವ ಕೆಲಸ ಮಾತ್ರ ನನ್ನದು. ಬೇಕಾದರೆ ನಿಮಗೂ ಕಾಸಿಗೆ ತೋರಿಸೋಣ” ಎಂದರೆ ಊರವರು ಅವನನ್ನು ಸುಮ್ಮನೆ ಬಿಟ್ಟಾರೆಯೇ?

ಬಿಡುತ್ತಾರೆ. ಆತ ಒಳ್ಳೆಯ ಅಂಗಿ ತೊಟ್ಟು, ಒಳ್ಳೆಯ ಟೆಂಡರು ಹಾಕಿ, ಸರ್ಕಾರದ ಕೋಣೆಯಲ್ಲಿ ಕೂತು ಮಾತಾಡಿದರೆ ಬಿಡುತ್ತಾರೆ. ಬಿಟ್ಟಿದ್ದಾರೆ ಕೂಡ. ಬ್ರಿಟನ್ನಿಗೂ ಐರ್ಲೆಂಡಿಗೂ ನಡುವಿನ ಕಡಲಿನಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದ ಕಥೆ ಇದು. ಅಲ್ಲಿ ಪ್ರತಿವರ್ಷ ಮೇ ತಿಂಗಳ ಕೊನೆಯಲ್ಲಿ ಹಿಡಿದು ಜೂನ್ ತಿಂಗಳಲ್ಲಿ ಮುಗಿಯುವ ಟಿ.ಟಿ. ಎಂಬ ಮೋಟಾರ್ ಸೈಕಲ್ ಪಂದ್ಯವುಂಟು. ಅದರ ಟೆಲಿವಿಷನ್ ಚಿತ್ರಣವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟ ನೀತಿಯನ್ನು ಇಲ್ಲಿ ವಿಚಾರಿಸಲು ಹೊರಟಿದ್ದೇವೆ.

“ಇಂಗ್ಲಿಷರ ಕಡಲಿನ ದ್ವೀಪದ ಪಂದ್ಯಕ್ಕೂ ನಮ್ಮ ಜಿಲ್ಲೆಯ ಓದುಗರಿಗೂ ಏನು ಸಂಬಂಧ?” ಎಂದು ಕೇಳುವವರಿದ್ದಾರೆ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ಜಾವಾ, ಯೆಜ್ದಿ ಬೈಕುಗಳನ್ನು ಜೋಡಿಸಿದ ಕೈಗಳು ನಮ್ಮವೇ. 1907ರಲ್ಲಿ ನಡೆದ ಮೊಟ್ಟಮೊದಲ ಟಿ.ಟಿ.ಯಲ್ಲಿ ಎರಡು ಸಿಲಿಂಡರಿನ ವರ್ಗವನ್ನು ರೆಮ್ ಫೌಲರ್ ಗೆದ್ದದ್ದು ನಾರ್ಟನ್ ಗಾಡಿಯ ಮೇಲೆ. ಆ ನಾರ್ಟನ್ ಹೆಸರನ್ನು 2020ರಲ್ಲಿ ಕೊಂಡದ್ದು ಟಿ.ವಿ.ಎಸ್. ಕಂಪನಿ, ಅದರ ಒಂದು ಕಾರ್ಖಾನೆ ಇಂದು ಮೈಸೂರಿನ ಬಳಿಯಲ್ಲೇ ಇದೆ. ಬಂಡವಾಳಕ್ಕೆ ಕಡಲು ದಾಟಲು ರಹದಾರಿ ಬೇಕಿಲ್ಲದಿರುವಾಗ ವಿಚಾರಕ್ಕೆ ಮಾತ್ರ ಏಕೆ ಬೇಕು? ಸಂಬಂಧ ಇನ್ನೂ ಹತ್ತಿರದ್ದಿದೆ. ಅದನ್ನು ಕೊನೆಗೆ ಹೇಳುತ್ತೇವೆ.

ಪಂದ್ಯ ಯಾರದು?

ದ್ವೀಪದ ವಿಸ್ತಾರ 572 ಚದರ ಕಿಲೋಮೀಟರು. ನಮ್ಮ ಒಂದು ಚಿಕ್ಕ ತಾಲೂಕಿನಷ್ಟು. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 84 ಸಾವಿರ. ಬ್ರಿಟಿಷ್ ರಾಜಮುಕುಟಕ್ಕೆ ಒಳಪಟ್ಟಿದ್ದರೂ ಬ್ರಿಟನ್ನಿನ ಭಾಗವಲ್ಲ. ಟಿನ್ವಾಲ್ಡ್ ಎಂಬ ಸ್ವಂತ ಶಾಸನಸಭೆ ಇದೆ. ಅದು ಸಾವಿರ ವರ್ಷದ್ದೆಂದು ದ್ವೀಪದವರು 1979ರಲ್ಲಿ ಹಬ್ಬ ಮಾಡಿದರು. ಆಸ್ತಿಯುಳ್ಳ ಹೆಂಗಸರಿಗೆ 1881ರಲ್ಲೇ ಮತ ಕೊಟ್ಟ ಜನ ಇವರು. ತಮ್ಮ ಕಾನೂನನ್ನು ತಾವೇ ಮಾಡಿಕೊಳ್ಳಬಲ್ಲೆವೆಂಬ ಛಲದವರು.

ಪಂದ್ಯ ಹುಟ್ಟಿದ್ದೂ ಆ ಛಲದಿಂದಲೇ. 1903ರ ಕಾನೂನಿನಂತೆ ಬ್ರಿಟನ್ನಿನಲ್ಲಿ ಮೋಟಾರು ಗಾಡಿಗಳ ವೇಗಮಿತಿ ಗಂಟೆಗೆ 20 ಮೈಲಿ. ಪಂದ್ಯಕ್ಕಾಗಿ ಸಾರ್ವಜನಿಕ ರಸ್ತೆ ಮುಚ್ಚುವುದಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಮ್ಯಾನ್ ದ್ವೀಪದ ಶಾಸನಸಭೆ 1904ರಲ್ಲಿ ಕಾನೂನು ಮಾಡಿ ತನ್ನ ರಸ್ತೆಗಳನ್ನು ಪಂದ್ಯಕ್ಕೆ ತೆರೆಯಿತು. ಮೊದಲು ಕಾರುಗಳು ಬಂದವು, ಬಳಿಕ ಮೋಟಾರ್ ಸೈಕಲ್ಲುಗಳು. 1911ರಿಂದ ಪಂದ್ಯ ಬೆಟ್ಟದ ಸುತ್ತಿನ ದಾರಿಗೆ ಏರಿತು. ಇಂದು ಆ ಸುತ್ತು 37.73 ಮೈಲಿ, ಎಂದರೆ ಸುಮಾರು 60 ಕಿಲೋಮೀಟರು. ಇನ್ನೂರಕ್ಕೂ ಹೆಚ್ಚು ತಿರುವು. ಡಗ್ಲಸ್ ಪಟ್ಟಣದ ಮನೆಗಳ ಮುಂದಿನಿಂದ ಹೊರಟು, ಹಳ್ಳಿಗಳ ನಡುವೆ ನುಗ್ಗಿ, ಬಲ್ಲಾ ಎಂಬಲ್ಲಿನ ಸೇತುವೆಯ ಮೇಲೆ ಗಾಡಿ ಗಾಳಿಗೆ ಹಾರಿ, ರ‍್ಯಾಮ್ಸಿ ಪಟ್ಟಣ ದಾಟಿ, ಸ್ನೇಫೆಲ್ ಬೆಟ್ಟದ ಮಗ್ಗುಲು ಹತ್ತಿ ಮತ್ತೆ ಡಗ್ಲಸಿಗೆ ಇಳಿಯುವ ದಾರಿ. 2023ರಲ್ಲಿ ಪೀಟರ್ ಹಿಕ್‌ಮನ್ ಈ ಸುತ್ತನ್ನು ಗಂಟೆಗೆ 136.358 ಮೈಲಿ ಸರಾಸರಿಯಲ್ಲಿ ಮುಗಿಸಿದ. ಉಳಿದ ದಿನಗಳಲ್ಲಿ ಇದೇ ದಾರಿಯಲ್ಲಿ ಹಾಲಿನ ಲಾರಿ ಹೋಗುತ್ತದೆ, ಶಾಲೆಯ ಬಸ್ಸು ಹೋಗುತ್ತದೆ, ಮುದುಕಿಯರು ಅಂಗಡಿಗೆ ನಡೆಯುತ್ತಾರೆ.

ಹೀಗೆ ರಸ್ತೆ ಜನರದು. ರಸ್ತೆ ಮುಚ್ಚಿದಷ್ಟು ಹೊತ್ತು ಸುತ್ತಿನ ಒಳಗೆ ಸಿಕ್ಕಿ ಮನೆಯಲ್ಲಿ ಕೂರುವ ತೊಂದರೆಯೂ ಜನರದು. ಬಾವುಟ ಹಿಡಿದು ತಿರುವಿನಲ್ಲಿ ನಿಲ್ಲುವ ಮಾರ್ಷಲ್‌ಗಳು ಸಂಬಳವಿಲ್ಲದ ಸ್ವಯಂಸೇವಕರು. ಐನೂರಕ್ಕೂ ಹೆಚ್ಚು ಮಂದಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲದಿದ್ದರೆ ಪಂದ್ಯವೇ ಹೊರಡುವುದಿಲ್ಲ. ದ್ವೀಪದವರ ಜೊತೆಗೆ ಹೊರಗಿನಿಂದಲೂ ರಜೆ ಹಾಕಿ ಬಂದು ನಿಲ್ಲುವವರಿದ್ದಾರೆ. ದಶಕಗಳ ಕಾಲ ಸ್ಕೌಟ್ ಹುಡುಗರು ದೊಡ್ಡ ಫಲಕದ ಮೇಲೆ ಸವಾರರ ಲೆಕ್ಕ ಬರೆಯುತ್ತಿದ್ದರು. ಹೋಟೆಲುಗಳಲ್ಲಿ ಜಾಗ ಸಾಲದೆ ಬಂದವರಿಗೆ ಮನೆಯ ಕೋಣೆ ಬಿಟ್ಟುಕೊಡುವವರು ಊರಿನ ಗೃಹಿಣಿಯರು. ಬಿದ್ದವನನ್ನು ಎತ್ತುವವರು, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ನಿಲ್ಲುವ ದಾದಿಯರು ಊರಿನವರು. ಪಂದ್ಯದ ಒಡೆತನ ಕಾಗದದ ಮೇಲೂ ದ್ವೀಪದ ಸರ್ಕಾರದ್ದೇ.

ಹೊರಗಿನವರು ಕೈಬಿಟ್ಟರೂ ಈ ಪಂದ್ಯ ಸಾಯಲಿಲ್ಲ ಎಂಬುದನ್ನು ಗಮನಿಸಬೇಕು. 1972ರಲ್ಲಿ ಇಟಲಿಯ ಸವಾರ ಗಿಲ್ಬರ್ಟೋ ಪಾರ್ಲೊಟ್ಟಿ ಇಲ್ಲಿ ಸತ್ತ. ಆತನ ಗೆಳೆಯ, ಜಗತ್ತಿನ ಅಗ್ರಸವಾರ ಅಗೊಸ್ತಿನಿ ಮತ್ತೆ ಇಲ್ಲಿ ಓಡಿಸುವುದಿಲ್ಲವೆಂದ. ಇತರ ಹೆಸರಾಂತರೂ ಅವನ ಹಿಂದೆ ನಡೆದರು. 1976ರ ಬಳಿಕ ಟಿ.ಟಿ.ಗೆ ವಿಶ್ವ ಚಾಂಪಿಯನ್‌ಷಿಪ್ಪಿನ ಸ್ಥಾನ ಹೋಯಿತು. ಮರುವರ್ಷದಿಂದ ಬ್ರಿಟನ್ನಿನ ಸುತ್ತು ಸಿಲ್ವರ್‌ಸ್ಟೋನಿಗೆ ನಡೆಯಿತು. ಆಗ ಈ ಪಂದ್ಯವನ್ನು ಉಳಿಸಿದವರು ಯಾರು? ಕ್ಯಾಮರಾ ಕಂಪನಿಗಳೇ? ಅಲ್ಲ. ಕೋಣೆ ಬಿಟ್ಟುಕೊಟ್ಟವರು, ಬಾವುಟ ಹಿಡಿದವರು, ಪ್ರತಿವರ್ಷ ಹಡಗು ಹತ್ತಿ ಬಂದ ಸಾಮಾನ್ಯ ಸವಾರರು.

ಚಿತ್ರ ಯಾರದು?

ಈಗ ಪಂದ್ಯದ ಚಿತ್ರಕ್ಕೆ ಬರೋಣ. ದ್ವೀಪದಲ್ಲೇ ನೆಲೆಯಿದ್ದ ಸಂಸ್ಥೆ ಇದರ ಟೆಲಿವಿಷನ್ ಚಿತ್ರಣ ಮಾಡಿದ ಕಾಲವೂ ಇತ್ತು. ಬಳಿಕ ಕೆಲಸ ಇಂಗ್ಲೆಂಡಿನ ನಿರ್ಮಾಣ ಸಂಸ್ಥೆಯೊಂದರ ಪಾಲಾಯಿತು. 2010ರ ದಶಕದಲ್ಲಿ ಆ ಸಂಸ್ಥೆ ತಯಾರಿಸಿದ ಮುಖ್ಯಾಂಶಗಳು ಬ್ರಿಟನ್ನಿನ ಐ.ಟಿ.ವಿ.-4 ವಾಹಿನಿಯಲ್ಲಿ ಬಂದವು. 2022ರಲ್ಲಿ ಪಂದ್ಯದ ಸ್ವಂತ ಪ್ರಸಾರ ಸೇವೆ ಆರಂಭವಾಗಿ, ಇಡೀ ಪಂದ್ಯ ಚರಿತ್ರೆಯಲ್ಲಿ ಮೊದಲ ಬಾರಿಗೆ ನೇರವಾಗಿ ಜಗತ್ತಿಗೆ ಕಂಡಿತು. ಆದರೆ ನೇರ ಪ್ರಸಾರ ನೋಡಲು ಪಾಸಿನ ಹಣ ತೆರಬೇಕಾಯಿತು. ಇದರಲ್ಲಿ ಒಳ್ಳೆಯ ಅಂಶವೂ ಉಂಟು: ಪ್ರಸಾರದ ಬಾಗಿಲು ಪಂದ್ಯದ ಒಡೆತನ ಇರುವ ಕಡೆಗೇ ಮರಳಿತು. ಒಳ್ಳೆಯದನ್ನು ಒಪ್ಪುತ್ತೇವೆ. ಆದರೆ ಬಾಗಿಲು ಮರಳಿದ ಮಾತ್ರಕ್ಕೆ ಮನೆ ಮರಳಿದಂತಾಗುವುದಿಲ್ಲ.

ಗುತ್ತಿಗೆಯ ದಾರಿ ಒಂದು ಹೆಜ್ಜೆಗೆ ನಿಲ್ಲುವಂಥದಲ್ಲ. ಅದೇ ದಶಕದ ನಡುವಿನಲ್ಲಿ ಚಿತ್ರವನ್ನು ಮಾತ್ರವಲ್ಲ, ಪಂದ್ಯದ ಪ್ರವರ್ತನೆಯನ್ನೇ ಖಾಸಗಿ ಕಂಪನಿಗೆ ವಹಿಸುವ ಯತ್ನ ನಡೆಯಿತು. ಒಬ್ಬ ಬಿಡ್ಡುದಾರನನ್ನು ಆರಿಸಿದ್ದೂ ಆಯಿತು. ಕಡೆಗೆ ಸರ್ಕಾರ ಅದನ್ನು ಕೈಬಿಟ್ಟಿತು. ಕೈಬಿಟ್ಟದ್ದು ಸರಿಯೇ. ಆದರೆ ಅಂಥ ಯೋಚನೆ ಹುಟ್ಟಿದ್ದಾದರೂ ಹೇಗೆ? ಮೊದಲು ಕಣ್ಣನ್ನು ಗುತ್ತಿಗೆ ಕೊಡುವ ಅಭ್ಯಾಸವಾದರೆ ಕೈಕಾಲನ್ನೂ ಕೊಡುವುದು ಕಷ್ಟವೆನಿಸುವುದಿಲ್ಲ.

ದ್ವೀಪದವರಿಗೆ ಇದು ಹೊಸ ಅನುಭವವೂ ಅಲ್ಲ. 1935ರಲ್ಲೇ ಜಾರ್ಜ್ ಫಾರ್ಂಬಿ ಎಂಬ ವಿನೋದ ನಟನನ್ನು ನಾಯಕನಾಗಿಟ್ಟುಕೊಂಡು ಇಂಗ್ಲೆಂಡಿನ ಸಿನಿಮಾದವರು ಟಿ.ಟಿ.ಯ ಮೇಲೆ ‘ನೋ ಲಿಮಿಟ್’ ಎಂಬ ಚಿತ್ರ ತೆಗೆದರು. ದ್ವೀಪದವರು ಬಿ.ಬಿ.ಸಿ.ಗೆ ಬ್ರಿಟನ್ನಿನವರಂತೆಯೇ ಟೆಲಿವಿಷನ್ ಲೈಸೆನ್ಸ್ ಹಣ ಕಟ್ಟುತ್ತಾರೆ. ಆದರೂ ಅವರಿಗೆಂದೇ ಒಂದು ಪ್ರತ್ಯೇಕ ಟೆಲಿವಿಷನ್ ವಾರ್ತೆ ಇಲ್ಲ. ವಾಯವ್ಯ ಇಂಗ್ಲೆಂಡಿನ ಸುದ್ದಿಯ ಬಾಲದಲ್ಲಿ ಸಿಕ್ಕಿದಷ್ಟು ಜಾಗ. ಕಾಸು ಸ್ವಂತದ್ದು, ಕನ್ನಡಿ ಪರರದು ಎಂಬ ಸ್ಥಿತಿ.

ಕುಶಲತೆಯ ನೆಪ

ಗುತ್ತಿಗೆಯ ಪರವಾಗಿ ವಾದಿಸುವವರ ಮೊದಲ ಮಾತು: “ಇದು ಸಣ್ಣ ಕೆಲಸವಲ್ಲ. 60 ಕಿಲೋಮೀಟರಿನ ದಾರಿ. ಹೆಲಿಕಾಪ್ಟರ್ ಬೇಕು, ಗಾಡಿಯ ಮೇಲೆ ಕೂರಿಸುವ ಕ್ಯಾಮರಾ ಬೇಕು, ಬೆಟ್ಟದ ಮಂಜಿನಲ್ಲೂ ಚಿತ್ರ ತಲುಪಿಸುವ ಯಂತ್ರ ಬೇಕು. ಹಳ್ಳಿಗಾಡಿನ ಹುಡುಗರಿಂದ ಆಗುವ ಕೆಲಸವೇ?”

ಕೆಲಸ ಕಷ್ಟದ್ದೆಂಬುದು ನಿಜ. ಮೈದಾನದ ಪಂದ್ಯಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ಕ್ಯಾಮರಾ ಇಟ್ಟಂತೆ ಇದಲ್ಲ. ಇಲ್ಲಿ ಸವಾರರು ಒಬ್ಬೊಬ್ಬರಾಗಿ ಹತ್ತು ಸೆಕೆಂಡಿನ ಅಂತರದಲ್ಲಿ ಹೊರಡುತ್ತಾರೆ. ಮುಂದೆ ಹೋದವನೇ ಗೆದ್ದವನಲ್ಲ, ಗಡಿಯಾರ ಗೆಲ್ಲಿಸಿದವನು ಗೆದ್ದವನು. ಚಿತ್ರ ನೋಡಿದವನಿಗೆ ಲೆಕ್ಕ ತಿಳಿಯದು, ಲೆಕ್ಕ ತಿಳಿದವನಿಗೆ ಚಿತ್ರ ಕಾಣದು. ಎರಡನ್ನೂ ಕೂಡಿಸಿ ಹೇಳುವುದೇ ಇಲ್ಲಿನ ವಿದ್ಯೆ.

ಆದರೆ ಆ ವಿದ್ಯೆ ದ್ವೀಪದಲ್ಲಿ ಇಲ್ಲವೆಂದು ಯಾರು ಹೇಳಿದರು? 1964ರಲ್ಲಿ ಆರಂಭವಾದ ಮ್ಯಾಂಕ್ಸ್ ರೇಡಿಯೋ ಎಂಬ ಸಾರ್ವಜನಿಕ ಬಾನುಲಿ ದಶಕಗಳಿಂದ ಇದೇ ಕೆಲಸ ಮಾಡುತ್ತ ಬಂದಿದೆ. ಹೊರಡುವ ಜಾಗದಲ್ಲಿ ಒಬ್ಬ, ಗ್ಲೆನ್ ಹೆಲೆನ್‌ನಲ್ಲಿ ಒಬ್ಬ, ರ‍್ಯಾಮ್ಸಿಯಲ್ಲಿ ಒಬ್ಬ ಕೂತು, ಗಡಿಯಾರ ನೋಡುತ್ತ, ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಎತ್ತಿಕೊಳ್ಳುತ್ತ, ಕಣ್ಣಿಗೆ ಕಾಣದ ಪಂದ್ಯವನ್ನು ಕಿವಿಗೆ ಕಟ್ಟಿಕೊಡುತ್ತಾರೆ. ಬೇಲಿಯ ಪಕ್ಕ ಹುಲ್ಲಿನ ಮೇಲೆ ಕೂತ ಪ್ರೇಕ್ಷಕ ಪಂದ್ಯದ ಗತಿಯನ್ನು ತಿಳಿಯುವುದು ಮಡಿಲಲ್ಲಿಟ್ಟ ರೇಡಿಯೋದಿಂದ. ಕಿವಿಯ ಕೆಲಸ ಮಾಡಬಲ್ಲ ಊರಿಗೆ ಕಣ್ಣಿನ ಕೆಲಸ ಕಲಿಯಲಾಗದೆಂಬುದು ಎಂಥ ತರ್ಕ?

ಹೆಲಿಕಾಪ್ಟರು ಇಲ್ಲವೆಂದರೆ ಬಾಡಿಗೆಗೆ ತನ್ನಿ. ಯಂತ್ರವನ್ನು ಬಾಡಿಗೆಗೆ ತರುವುದು ಬೇರೆ, ಕಣ್ಣನ್ನು ಬಾಡಿಗೆಗೆ ತರುವುದು ಬೇರೆ. ಕೆಲಸ ಕೊಡದೆ ಕುಶಲತೆ ಬರುವುದಿಲ್ಲ. ಕುಶಲತೆ ಇಲ್ಲವೆಂದು ಕೆಲಸ ಕೊಡುವುದಿಲ್ಲ. ಈ ಗಾಣದ ಸುತ್ತನ್ನು ನಾವು ಚೆನ್ನಾಗಿ ಬಲ್ಲೆವು. “ನಿಮಗೆ ಆಳಿಕೊಳ್ಳಲು ಬರುವುದಿಲ್ಲ, ಅದಕ್ಕೇ ನಾವು ಆಳುತ್ತೇವೆ” ಎಂದವರ ಮಾತೂ ಇದೇ ಅಚ್ಚಿನಲ್ಲಿ ಎರಕಗೊಂಡದ್ದು.

ಅಗ್ಗದ ಲೆಕ್ಕ

ಎರಡನೆಯ ಮಾತು: “ಟೆಂಡರು ಕರೆದೆವು, ಒಳ್ಳೆಯ ದರಕ್ಕೆ ಒಳ್ಳೆಯ ಕೆಲಸ ಬಂತು. ಚಿತ್ರ ಜಗತ್ತಿಗೆಲ್ಲ ಹೋಗಿ ಪ್ರವಾಸಿಗರು ಬಂದರು. ನಷ್ಟವೇನು?”

ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಬೇಕು. ಆ ಚಿತ್ರ ಬೆಲೆಯುಳ್ಳದ್ದಾದದ್ದು ಯಾವುದರಿಂದ? ಮುಚ್ಚಿದ ರಸ್ತೆಯಿಂದ, ಕೂಲಿಯಿಲ್ಲದೆ ನಿಂತ ಮಾರ್ಷಲ್‌ನಿಂದ, ಪ್ರಾಣ ಒಡ್ಡಿದ ಸವಾರನಿಂದ. ಮಾರ್ಷಲ್‌ಗಳಿಗೆ ದಿನಕ್ಕೆ ಇಷ್ಟೆಂದು ಸಂಬಳ ಕೊಡಬೇಕಾಗಿ ಬಂದರೆ ಚಿತ್ರದ ಒಂದೊಂದು ನಿಮಿಷಕ್ಕೂ ಏನು ಬೆಲೆ ಬೀಳುತ್ತಿತ್ತು? ಆ ದಾನದ ದುಡಿಮೆ ಯಾವ ಟೆಂಡರಿನ ಯಾವ ಕಾಲಮ್ಮಿನಲ್ಲೂ ಕಾಣುವುದಿಲ್ಲ. ದುಡಿಯುವವನು ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆಯೇ ಇಲ್ಲ, ಮಾರುವವನು ಕೈಗೆತ್ತಿಕೊಂಡ ಕೂಡಲೇ ಬೆಲೆ ಬರುತ್ತದೆ. ಅರ್ಥಶಾಸ್ತ್ರದ ಪುಸ್ತಕಗಳು ಇದನ್ನು ಏನೆಂದು ಕರೆಯುತ್ತವೆಯೋ ಇರಲಿ. ನಮ್ಮ ಹಳ್ಳಿಯಲ್ಲಿ ಇದಕ್ಕೆ ‘ಬಿಟ್ಟಿ’ ಎಂಬ ಹಳೆಯ ಹೆಸರಿದೆ.

ಹಾಗೆಯೇ, ಕಡಿಮೆ ದರದ ಗುತ್ತಿಗೆ ಎಂದಾಗ ಊರಿನ ಹುಡುಗಿಯೊಬ್ಬಳು ಕಲಿಯಬಹುದಾಗಿದ್ದ ಕ್ಯಾಮರಾ ವಿದ್ಯೆಯನ್ನು, ಊರಿನಲ್ಲೇ ಖರ್ಚಾಗಬಹುದಾಗಿದ್ದ ಸಂಬಳವನ್ನು, ನಾಳೆಯ ಮಕ್ಕಳು ನೋಡಬೇಕಾದ ಚಿತ್ರಸಂಗ್ರಹವನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡರು? ಐದು ವರ್ಷದ ಗುತ್ತಿಗೆ ಐದು ವರ್ಷಕ್ಕೆ ಮುಗಿಯುತ್ತದೆ. ಕಲಿಯದೆ ಉಳಿದ ತಲೆಮಾರು ಹಾಗೆ ಮುಗಿಯುವುದಿಲ್ಲ.

“ಬಡ ದ್ವೀಪ, ಪಾಪ, ಏನು ಮಾಡೀತು?” ಎಂದು ಮರುಗುವವರಿಗೆ ಒಂದು ಮಾತು. ದ್ವೀಪ ಬಡದಲ್ಲ. ಅದು ಹಣಕಾಸು ಕಂಪನಿಗಳ ಅಚ್ಚುಮೆಚ್ಚಿನ ತಾಣ. ಅಲ್ಲಿ ಬಹುಪಾಲು ಕಂಪನಿಗಳ ಲಾಭದ ಮೇಲಿನ ತೆರಿಗೆ ಸೊನ್ನೆ. ಕಂಪನಿಗಳ ಲಾಭಕ್ಕೆ ತೆರಿಗೆ ಬಿಡುವ ಧಾರಾಳತನ ಇದ್ದಲ್ಲಿ ಸ್ವಂತ ಹಬ್ಬದ ಚಿತ್ರ ತೆಗೆಯಲು ಊರಿನ ಮಕ್ಕಳನ್ನು ತಯಾರು ಮಾಡುವ ಹಣ ಇಲ್ಲವೆಂದರೆ ನಂಬುವವರು ಯಾರು? ಇದು ಬಡತನದ ಪ್ರಶ್ನೆಯಲ್ಲ. ಯಾವುದಕ್ಕೆ ಖರ್ಚು ಮಾಡಬೇಕು ಎಂಬ ಪ್ರಶ್ನೆ.

ಹೊರಗಿನವನೆಲ್ಲ ಹಗೆಯಲ್ಲ

ಇಲ್ಲಿ ಓದುಗರು ನಮ್ಮನ್ನು ತಪ್ಪು ತಿಳಿಯಬಾರದು. ಹೊರಗಿನವನೆಂಬ ಒಂದೇ ಕಾರಣಕ್ಕೆ ಯಾರನ್ನೂ ದೂರುವ ಸಣ್ಣತನ ನಮಗಿಲ್ಲ. ಮಳೆಯಲ್ಲಿ ನಿಂತು ಚಿತ್ರ ತೆಗೆವ ಇಂಗ್ಲೆಂಡಿನ ಕ್ಯಾಮರಾದವನೂ ಕೂಲಿಯವನೇ, ಗುತ್ತಿಗೆ ಮುಗಿದರೆ ಅವನ ಅನ್ನವೂ ಹೋಗುತ್ತದೆ. ನಮ್ಮ ಜಗಳ ಅವನೊಡನೆ ಅಲ್ಲ.

ಇದೇ ದ್ವೀಪದ ಇನ್ನೊಂದು ಕಥೆಯನ್ನು ಕೇಳಿ. ದ್ವೀಪಕ್ಕೆ ಮ್ಯಾಂಕ್ಸ್ ಎಂಬ ಸ್ವಂತ ಭಾಷೆಯಿದೆ, ಐರಿಷ್ ಭಾಷೆಯ ದಾಯಾದಿ. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅದನ್ನು ತಾಯ್ನುಡಿಯಾಗಿ ಆಡುವ ಮುದುಕರು ಬೆರಳೆಣಿಕೆಯಷ್ಟು ಉಳಿದಿದ್ದರು. 1947ರಲ್ಲಿ ಐರ್ಲೆಂಡಿನ ನಾಯಕ ಡಿ ವಲೆರಾ ದ್ವೀಪಕ್ಕೆ ಬಂದವನು ಈ ಸಂಗತಿಯನ್ನು ಕಂಡುಕೊಂಡ. 1948ರಲ್ಲಿ ಐರಿಷ್ ಜಾನಪದ ಆಯೋಗದವರು ಧ್ವನಿಮುದ್ರಣದ ಗಾಡಿಯನ್ನು ಕಡಲು ದಾಟಿಸಿ ತಂದು ಆ ಮುದುಕರ ಮಾತನ್ನು ಹಿಡಿದಿಟ್ಟರು. ಹಾಗೆ ಮಾತಾಡಿದವರಲ್ಲಿ ಕೊನೆಯವನಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡ. ಭಾಷೆ ತೀರಲಿಲ್ಲ. ದ್ವೀಪದವರು ಕಲಿತರು, ಕಲಿಸಿದರು. 2001ರಲ್ಲಿ ಆ ಭಾಷೆಯಲ್ಲೇ ಪಾಠ ಹೇಳುವ ಪ್ರಾಥಮಿಕ ಶಾಲೆ ತೆರೆಯಿತು.

ಯಂತ್ರ ಹೊರಗಿನದು, ಯಂತ್ರ ಹಿಡಿದವರೂ ಹೊರಗಿನವರು. ಆದರೆ ಅವರು ಬಂದದ್ದು ಉಳಿಸುವುದಕ್ಕೆ, ಮಾರುವುದಕ್ಕಲ್ಲ. ಆ ಧ್ವನಿ ಇಂದು ಆ ಮುದುಕರ ಮೊಮ್ಮಕ್ಕಳ ಕಿವಿಗೆ ಬೀಳುತ್ತದೆ. ಹೊರಗಿನವನನ್ನು ನೆಂಟನನ್ನಾಗಿಯೋ ಗುತ್ತಿಗೆದಾರನನ್ನಾಗಿಯೋ ಮಾಡುವುದು ಅವನ ಊರಲ್ಲ, ಅವನು ಮಾಡಿಕೊಂಡ ಕರಾರು. ತೆಗೆದದ್ದು ಕಡೆಗೆ ಯಾರ ಮನೆಯಲ್ಲಿ ಉಳಿಯುತ್ತದೆ ಎಂಬುದೊಂದೇ ನಮ್ಮ ಪ್ರಶ್ನೆ.

ಸಾವಿನ ಮುಂದೆ ಕ್ಯಾಮರಾ

ಈಗ ಎಲ್ಲಕ್ಕಿಂತ ಕಠಿಣವಾದ ಮಾತಿಗೆ ಬಂದಿದ್ದೇವೆ. ಈ ಸುತ್ತಿನಲ್ಲಿ 1911ರಲ್ಲಿ ವಿಕ್ಟರ್ ಸರಿಡ್ಜ್ ಎಂಬ ಸವಾರ ಅಭ್ಯಾಸದ ವೇಳೆ ಸತ್ತ. ಅಂದಿನಿಂದ ಟಿ.ಟಿ. ಮತ್ತು ಅದೇ ದಾರಿಯ ಇತರ ಪಂದ್ಯಗಳಲ್ಲಿ ಸತ್ತ ಸವಾರರ ಸಂಖ್ಯೆ 260 ದಾಟಿದೆ. 2022ರ ಒಂದೇ ಟಿ.ಟಿ.ಯಲ್ಲಿ ಆರು ಮಂದಿ ಹೋದರು; ಅದರಲ್ಲಿ ಒಂದೇ ಗಾಡಿಯಲ್ಲಿದ್ದ ತಂದೆ ಮಗ ಇಬ್ಬರು.

ಇದು ಬೇಕೋ ಬೇಡವೋ ಎಂಬ ವಿಚಾರದಲ್ಲಿ ದ್ವೀಪದವರಲ್ಲೇ ಎರಡು ಮಾತಿದೆ. ಸವಾರರು ತಿಳಿದೇ ಬರುತ್ತಾರೆಂಬುದು ನಿಜ. ಗೋಡೆಗೂ ದೀಪದ ಕಂಬಕ್ಕೂ ಅದು ಲೆಕ್ಕವಿಲ್ಲವೆಂಬುದೂ ನಿಜ. ಆ ತೀರ್ಪನ್ನು ನಾವು ಇಲ್ಲಿ ಕೂತು ಕೊಡುವುದಿಲ್ಲ. ಆದರೆ ತೀರ್ಪು ಕೊಡಬೇಕಾದ ಜನಕ್ಕೆ ನಿಜ ಕಾಣಬೇಕಲ್ಲವೇ? ಅದನ್ನು ತೋರಿಸುವವರು ಯಾರು?

ಗುತ್ತಿಗೆಯ ಕ್ಯಾಮರಾ ತೋರಿಸುವುದು ಕಷ್ಟ. ಗುತ್ತಿಗೆ ಕೊಟ್ಟವನು ಪಂದ್ಯದ ಒಡೆಯ. ಅವನಿಗೆ ಬೇಕಾದದ್ದು ಪ್ರವಾಸಿಗರನ್ನು ಕರೆವ ಚಿತ್ರ. ಅನ್ನ ಹಾಕುವ ಕೈಯನ್ನು ಯಾವ ಗುತ್ತಿಗೆದಾರ ಹಿಡಿದು, “ಸ್ವಾಮಿ, ಈ ತಿರುವಿನಲ್ಲಿ ಇನ್ನೂ ಮೆತ್ತೆ ಕಟ್ಟಿಲ್ಲವೇಕೆ?” ಎಂದು ಕೇಳಿಯಾನು?

ನಮ್ಮ ವಾದಕ್ಕೆ ನಾವೇ ಒಂದು ಅಡ್ಡಿಯನ್ನು ಒಡ್ಡಿಕೊಳ್ಳಬೇಕು. ಕೆಲಸವನ್ನು ಊರಿನ ಕಂಪನಿಗೇ ಕೊಟ್ಟರೆ ಇದು ಸರಿಹೋದೀತೇ? ಇಲ್ಲ! ಊರಿನ ಗುತ್ತಿಗೆದಾರನೂ ಗುತ್ತಿಗೆದಾರನೇ. ಅವನು ಇನ್ನೂ ಹೆಚ್ಚು ಅಂಜಿಯಾನು. ಅವನಿಗೆ ನಾಳೆಯೂ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕು. ಆದ್ದರಿಂದ ‘ಹೊರಗಿನ ಧಣಿ ಬೇಡ, ಒಳಗಿನ ಧಣಿ ಬರಲಿ’ ಎಂಬುದು ನಮ್ಮ ಘೋಷಣೆಯಲ್ಲ. ಧಣಿ ಬದಲಾದ ಮಾತ್ರಕ್ಕೆ ಗೇಣಿ ತಪ್ಪಿದ್ದನ್ನು ನಾವು ಎಲ್ಲಿಯೂ ಕಂಡಿಲ್ಲ. ಚಿತ್ರ ಬಾಡಿಗೆಯ ಕೈಯಿಂದ ಸಾರ್ವಜನಿಕರ ಕೈಗೆ ಬರಬೇಕು. ಸರ್ಕಾರದ ಜಾಹೀರಾತಾಗದೆ, ಕಂಪನಿಯ ಸರಕಾಗದೆ, ಜನಕ್ಕೆ ಉತ್ತರ ಹೇಳುವ ಪ್ರಸಾರ ಸಂಸ್ಥೆಯ ಜವಾಬ್ದಾರಿ ಆಗಬೇಕು.

ನಮಗೇನು?

ಈಗ ಆರಂಭದಲ್ಲಿ ಬಾಕಿಯಿಟ್ಟ ಮಾತು. ಇದೇ ಪ್ರಶ್ನೆ ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಬಂದು ಇತ್ಯರ್ಥವಾದದ್ದನ್ನು ನಾವು ಮರೆತುಬಿಟ್ಟಿದ್ದೇವೆ. 1993ರಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ಹೀರೋ ಕಪ್ ಪಂದ್ಯಗಳ ಟೆಲಿವಿಷನ್ ಚಿತ್ರಣವನ್ನು ವಿದೇಶಿ ಸಂಸ್ಥೆಯೊಂದಕ್ಕೆ ವಹಿಸಿತು. ದೂರದರ್ಶನ ಮತ್ತು ಸರ್ಕಾರ, ಇದು ನಮ್ಮ ಹಕ್ಕೆಂದು ಅಡ್ಡ ನಿಂತವು. ಆ ಸಂಸ್ಥೆ ತಂದ ಯಂತ್ರಗಳು ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದವು. ಒಬ್ಬರು ಹಣಕ್ಕೆ ಮಾರಲು ಹೊರಟವರು, ಇನ್ನೊಬ್ಬರು ಹಕ್ಕಿನ ಬೀಗ ಬಿಡದವರು. ನಡುವೆ ನೋಡುವ ಜನ.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ. ಅದರ ಮೇಲೆ ಸರ್ಕಾರದ ಏಕಸ್ವಾಮ್ಯವೂ ಸಲ್ಲದು, ಖಾಸಗಿಯವರ ಹಿಡಿತವೂ ಸಲ್ಲದು. ಜನಹಿತಕ್ಕಾಗಿ ಅದನ್ನು ನೋಡಿಕೊಳ್ಳಲು ಸ್ವತಂತ್ರ ಸಾರ್ವಜನಿಕ ಪ್ರಾಧಿಕಾರ ಇರಬೇಕು ಎಂಬುದು ಅದರ ತಿರುಳು. 2007ರಲ್ಲಿ ಪಾರ್ಲಿಮೆಂಟು ಇನ್ನೊಂದು ಕಾನೂನು ಮಾಡಿ, ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ಕೊಂಡವರು ಅದನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು ಕಟ್ಟುಮಾಡಿತು. ಎಂದರೆ, ಹಣ ಕೊಟ್ಟು ಕೊಂಡ ಚಿತ್ರದ ಮೇಲೂ ಜನಕ್ಕೆ ಒಂದು ಪಾಲಿದೆ ಎಂಬುದನ್ನು ನಮ್ಮ ಕಾನೂನು ಒಪ್ಪಿದೆ.

ಆದರೆ ‘ರಾಷ್ಟ್ರೀಯ ಮಹತ್ವ’ ಎಂಬ ಪಟ್ಟಿಯಲ್ಲಿ ತಾಲೂಕಿನ ಕುಸ್ತಿ ಬರುವುದಿಲ್ಲ, ಕರಾವಳಿಯ ಕಂಬಳ ಬರುವುದಿಲ್ಲ, ಕೆರೆಯಂಗಳದ ಎತ್ತಿನ ಗಾಡಿ ಓಟ ಬರುವುದಿಲ್ಲ. ನಾಳೆ ಯಾರಾದರೂ ಬಂದು, “ಗದ್ದೆ ನಿಮ್ಮದು, ಕೋಣ ನಿಮ್ಮದು, ಚಿತ್ರ ನಮ್ಮದು” ಎಂದು ಕಾಗದ ಚಾಚಿದರೆ ಸಮಿತಿಯವರು ಸಹಿ ಹಾಕುವ ಮುಂಚೆ ಮ್ಯಾನ್ ದ್ವೀಪವನ್ನು ನೆನೆಯಬೇಕು. ಅದಕ್ಕಾಗಿಯೇ ಇಷ್ಟು ಬರೆದದ್ದು.

ನಮ್ಮ ಮಾತು

ಬೈಯುವುದು ಸುಲಭ, ದಾರಿ ಹೇಳು ಎನ್ನುವವರಿಗೆ ನಾವು ಐದು ಮಾತು ಹೇಳುತ್ತೇವೆ. ಈಗಾಗಲೇ ನಡೆಯುತ್ತಿರುವುದು ಗಟ್ಟಿಯಾಗಲಿ. ನಡೆಯದೆ ಇರುವುದು ನಡೆಯಲಿ.

ಒಂದು: ಊರಿನ ಸಾರ್ವಜನಿಕ ರಸ್ತೆಯಲ್ಲಿ, ಊರಿನ ದುಡಿಮೆಯಿಂದ ನಡೆವ ಪಂದ್ಯದ ಚಿತ್ರಣಕ್ಕೆ ಯಾರೊಡನೆ ಕರಾರು ಮಾಡಿದರೂ ಅದರ ಒಂದೊಂದು ಷರತ್ತೂ ಜನಕ್ಕೆ ಬಹಿರಂಗವಾಗಬೇಕು. ವ್ಯಾಪಾರದ ಗುಟ್ಟು ಎಂಬ ನೆಪ ಸಾರ್ವಜನಿಕ ಆಸ್ತಿಗೆ ಸಲ್ಲದು.

ಎರಡು: ತೆಗೆದ ಚಿತ್ರದ ಒಂದು ಪೂರ್ತಿ ಪ್ರತಿ, ಕತ್ತರಿಸಿ ಬಿಟ್ಟದ್ದನ್ನೂ ಸೇರಿಸಿ, ಊರಿನ ಸಂಗ್ರಹಾಲಯಕ್ಕೆ ಬರಬೇಕು. ಮೊಮ್ಮಗ ತನ್ನ ಅಜ್ಜ ಬಾವುಟ ಹಿಡಿದು ನಿಂತದ್ದನ್ನು ನೋಡಲು ಇನ್ನೊಂದು ದೇಶದ ಕಂಪನಿಗೆ ಅರ್ಜಿ ಹಾಕುವಂತಾಗಬಾರದು.

ಮೂರು: ಹೊರಗಿನವರು ಬಂದರೆ ಊರಿನ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ಜೊತೆಗಿಟ್ಟುಕೊಂಡು ಕಲಿಸಬೇಕು. ಸಾಮಾನು ಹೊರುವುದಕ್ಕಲ್ಲ, ಕ್ಯಾಮರಾ ಹಿಡಿಯುವುದಕ್ಕೆ.

ನಾಲ್ಕು: ರಸ್ತೆ ಮುಚ್ಚಿಸಿಕೊಂಡು ಮನೆಯಲ್ಲಿ ಕೂತವನಿಗೆ ಆ ರಸ್ತೆಯ ಚಿತ್ರ ಪುಕ್ಕಟೆ ಕಾಣಬೇಕು. ಅವನು ಟಿಕೆಟಿನ ಹಣವನ್ನು ಬೇರೆ ರೂಪದಲ್ಲಿ ಮೊದಲೇ ಕೊಟ್ಟಿದ್ದಾನೆ.

ಐದು: ಸಾವುನೋವಿನ ಸುದ್ದಿ ಪಂದ್ಯದ ಒಡೆಯನ ಸಂಬಳ ತಿನ್ನದ ಬಾಯಿಂದ ಬರಬೇಕು.

ಇವನ್ನು ಅತಿರೇಕವೆನ್ನುವ ಮಹಾಶಯರು ನಮ್ಮ ನಾಡಿನದೇ ಒಂದು ಸಂಗತಿಯನ್ನು ನೆನೆಯಲಿ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಏತಕ್ಕೆ? ಗೇಣಿ ಅಳೆಯುವ ಕೊಳಗಕ್ಕೆ. ಗದ್ದೆ ಉತ್ತವರು ಅವರು, ಬಿತ್ತಿದವರು ಅವರು, ಕೊಯ್ದವರು ಅವರು. ಅಳೆಯುವ ಕೊಳಗ ಮಾತ್ರ ಧಣಿಯದು, ಅದೂ ದೊಡ್ಡದು. ಬೆಳೆ ಎಷ್ಟೆಂದು ಹೇಳುವ ಹಕ್ಕು ಬೆಳೆದವನಿಗೆ ಇರಲಿಲ್ಲ.

ಈ ಕಾಲದ ಕೊಳಗ ಕ್ಯಾಮರಾ. ಒಂದು ಊರು ಎಷ್ಟು ದೊಡ್ಡದು, ಅದರ ಹಬ್ಬ ಎಂಥದು, ಅದರ ಸಾವು ಎಷ್ಟು ಭಾರ ಎಂಬುದನ್ನು ಇಂದು ಲೋಕ ಅಳೆಯುವುದು ಅದರಲ್ಲೇ. ಮ್ಯಾನ್ ದ್ವೀಪದ ತಿರುವಿನಲ್ಲಿ ಮಳೆಗೆ ನೆನೆಯುತ್ತ ಬಾವುಟ ಹಿಡಿದ ಮುದುಕನಿಗೆ ನಾವು ಇಷ್ಟನ್ನೇ ಹೇಳಬಯಸುತ್ತೇವೆ: ಬಾವುಟ ನಿನ್ನ ಕೈಯಲ್ಲಿ ಇರುವತನಕ ಪಂದ್ಯ ನಿನ್ನದೇ. ಕೊಳಗವನ್ನೂ ಕೇಳಿ ತೆಗೆದುಕೋ.